ಕುಮಟೆಯ ಗಜನಿ: ಕಗ್ಗ ಭತ್ತ ಹಿಂದೆ ಸರಿದದ್ದು ಹೇಗೆ?

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ ಕುಮಟಾ ಬಂದರಿನ ದೆಸೆ ತಿರುಗಿತು. ಧಾರವಾಡ ಸೀಮೆಯ ಹತ್ತಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು, ಇಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಬಯಲುಸೀಮೆಯಲ್ಲಾದರೂ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಹತ್ತಿ ವ್ಯಾಪಾರಿಗಳ ಒತ್ತಡವಿತ್ತು. 1880ರ ದಶಕದಲ್ಲಿ ಮಾರ್ಮಗೋವಾ ಬಂದರಿಗೆ ರೈಲು ಬಂದ ಮೇಲೆ ಹತ್ತಿ ಆ ಕಡೆ ಹೊರಳಿತು.

ಬಂದರು ಸೊರಗಿದರೂ ಬೇಸಾಯ ಉಳಿಯಿತು. ಅಳವೇಕೋಡಿ, ಹಂದಿಗೋಣದ ಕಡೆ ಸಿಹಿ ಈರುಳ್ಳಿ. ಅಘನಾಶಿನಿ ಅಳಿವೆಯ ಪಕ್ಕದವರಿಗೆ ಗಜನಿಯೇ ಗತಿ. ಭರತದ, ಅಂದರೆ ಸಮುದ್ರದ ಉಬ್ಬರದ, ನೀರು ನುಗ್ಗುವ ಈ ತಗ್ಗು ಭೂಮಿಯಲ್ಲಿ ಬೆಳೆಯುವುದು ಉಪ್ಪು ತಡೆಯುವ ಕಗ್ಗ ಭತ್ತ. ಸುತ್ತ ಮಣ್ಣಿನ ಕಟ್ಟೆ, ನೀರು ಬಿಡಲು ಹಲಗೆಯ ಬಾಗಿಲು. ಇಳಿತದಲ್ಲಿ ಬಾಗಿಲು ತೆರೆದು ಒಳಗಿನ ನೀರು ಬಿಡಬೇಕು, ಭರತ ಏರುವ ಮೊದಲು ಮುಚ್ಚಬೇಕು. ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ನಾಟಿ ಇಲ್ಲ, ಗೊಬ್ಬರ ಇಲ್ಲ. ಹೊಳೆ ತಂದ ಗೋಡು ಮಣ್ಣೇ ಸಾಕು. ಪೈರು ಕೆಲವು ದಿನ ಮುಳುಗಿದರೂ ಸಾಯದು. ಕೊಯ್ಲಿನಲ್ಲಿ ತೆನೆಯಷ್ಟನ್ನೇ ಕೊಯ್ದು ಕೂಳೆ ಬಿಡುತ್ತಾರೆ. ಅದು ಕೊಳೆತು ಮೀನು, ಸಿಗಡಿಗೆ ಮೇವಾಗುತ್ತದೆ. ಭತ್ತ ಆದ ಮೇಲೆ ಬಾಗಿಲು ತೆರೆದು ಮೀನು ಒಳಬಿಡುವುದು ಹಳೆಯ ಪದ್ಧತಿಯೇ.

ಎಡವಟ್ಟು ಆದದ್ದು ಈ ಸರದಿ ತಪ್ಪಿದಾಗ. 1970ರ ದಶಕದಲ್ಲಿ ಸರ್ಕಾರ ಕಾಯಂ ಕಟ್ಟೆ ಹಾಕಿಸಿತು. ಕಟ್ಟೆ ಗಟ್ಟಿಯಾಯಿತು ನಿಜ, ಆದರೆ ಪ್ರತಿ ವರ್ಷ ಊರವರೇ ಕೂಡಿ ಮಣ್ಣು ಹಾಕುವ ರೂಢಿ ತಪ್ಪಿತು. ಆಮೇಲೆ ಸಿಗಡಿಗೆ ಬೆಲೆ ಬಂತು, ಗಜನಿಗಳು ಗುತ್ತಿಗೆಗೆ ಹೋದವು. ಗುತ್ತಿಗೆದಾರನಿಗೆ ಉಪ್ಪುನೀರು ಒಳಗೇ ಇರಬೇಕು, ಭತ್ತದವನಿಗೆ ಅದು ಮಳೆಗೆ ಮುಂಚೆ ಹೊರಗೆ ಹೋಗಬೇಕು. ತಡವಾಗಿ ಬಿಟ್ಟರೆ ಉಪ್ಪು ಮಣ್ಣಲ್ಲೇ ಉಳಿದು ಎಳೆ ಮೊಳಕೆ ಸುಡುತ್ತದೆ. ಉಪ್ಪು ತಡೆಯುವ ಕಗ್ಗಕ್ಕೂ ಆ ಹಂತದಲ್ಲಿ ಸಿಹಿನೀರು ಬೇಕೇಬೇಕು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ದೇಶದ ಸಿಗಡಿ ಕೆರೆಗಳನ್ನು ಹಾಳುಗೆಡವಿತು. ಮತ್ತೆ ಭತ್ತಕ್ಕೆ ಮರಳೋಣವೆಂದರೆ, ಅಷ್ಟರೊಳಗೆ ಅನೇಕರ ಮನೆಯಲ್ಲಿ ಕಗ್ಗದ ಬೀಜವೇ ಇರಲಿಲ್ಲ.

ಒಬ್ಬನೇ ಮತ್ತೆ ಬಿತ್ತಿದರೆ ದಕ್ಕುವುದಿಲ್ಲ. ಸುತ್ತಲಿನ ಗದ್ದೆ ಬೀಳುಬಿದ್ದರೆ ಹಕ್ಕಿಗಳೆಲ್ಲ ಅವನ ತೆನೆಗೇ ಎರಗುತ್ತವೆ, ಕಟ್ಟೆಯೂ ಅವನೊಬ್ಬನಿಂದ ನಿಲ್ಲದು. ಒಂದು ಕಟ್ಟೆಯೊಳಗಿನ ಎಲ್ಲರೂ ಒಪ್ಪಿ ಬಾಗಿಲು ತೆರೆಯುವ, ಮುಚ್ಚುವ ದಿನ ಗೊತ್ತುಮಾಡಬೇಕು. ಸಿಗಡಿ ಗುತ್ತಿಗೆಯ ಕಾಗದದಲ್ಲೂ ಆ ದಿನ ಬರೆದಿರಬೇಕು.