ಮಂಡಿ ಗಟ್ಟಿಯಿದೆ ಸರಿ, ನೀರೆಷ್ಟು ಕುಡಿಯುತ್ತೀರಿ?

ವಿದೇಶದ ಐರನ್‌ಮ್ಯಾನ್ ಟ್ರಯಾಥ್ಲಾನ್‌ಗೆ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ) ಹೆಸರು ಕೊಟ್ಟವರು ನನ್ನ ಕ್ಲಿನಿಕ್ಕಿಗೆ ಬರುವುದು ಹೆಚ್ಚಾಗಿ ಮಂಡಿ ತೋರಿಸಲು. ಇಲ್ಲವೇ ಹಿಮ್ಮಡಿ, ಸೊಂಟ. ಅದನ್ನೆಲ್ಲ ನೋಡಿ ಮುಗಿಸಿದ ಮೇಲೆ ನಾನೊಂದು ಪ್ರಶ್ನೆ ಕೇಳುತ್ತೇನೆ: ಗಂಟೆಗೆ ಎಷ್ಟು ನೀರು ಕುಡಿಯುತ್ತೀರಿ? "ಎಷ್ಟಾಗುತ್ತೋ ಅಷ್ಟು ಕುಡೀತೀನಿ ಡಾಕ್ಟ್ರೇ" ಎಂದು ಹೆಮ್ಮೆಯಿಂದ ಹೇಳುವವರದ್ದೇ ನನಗೆ ಚಿಂತೆ. ಮಂಡಿ ಕೈಕೊಟ್ಟರೆ ರೇಸ್ ಹೋಗುತ್ತದೆ, ಮುಂದಿನ ವರ್ಷ ಮತ್ತೆ ಹೋಗಬಹುದು. ನೀರಿನ ಲೆಕ್ಕ ತಪ್ಪಿದರೆ ಗೊತ್ತಿಲ್ಲದ ಊರಿನ ಐಸಿಯು.

ದೂರ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದರ ಮೇಲೆ 42.2 ಕಿ.ಮೀ. ಓಟ, ಎಲ್ಲವೂ ಒಂದೇ ದಿನ. 1978ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಮೊದಲ ಸಲ ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12. ಗೆದ್ದ ಗಾರ್ಡನ್ ಹಾಲರ್‌ಗೆ 11 ಗಂಟೆ 46 ನಿಮಿಷ ಬೇಕಾಯಿತು. ಈಗ ವೃತ್ತಿಪರ ಗಂಡಸರಲ್ಲಿ ಮುಂಚೂಣಿಯವರು 8 ಗಂಟೆಯೊಳಗೇ ಮುಗಿಸುತ್ತಾರೆ. ನನ್ನ ಬಳಿ ಬರುವವರು ಮಾತ್ರ ಆಫೀಸು, ಮಕ್ಕಳ ಶಾಲೆ, ಗೃಹಸಾಲದ ನಡುವೆ ನಂದಿ ಬೆಟ್ಟ ಹತ್ತಿಳಿದು ತಯಾರಾದವರು. 13ರಿಂದ 16 ಗಂಟೆ ತೆಗೆದುಕೊಳ್ಳುತ್ತಾರೆ. ಬಹಳ ಕಡೆ ಗಡುವು 17 ಗಂಟೆ, ಕೆಲವೆಡೆ ಇನ್ನೂ ಕಡಿಮೆ.

ಅಪಾಯ ಇರುವುದು ಈ ನಿಧಾನದಲ್ಲೇ. ಗೆಲ್ಲಲು ಓಡುವವನಿಗೆ ಜಾಸ್ತಿ ಕುಡಿಯಲು ಪುರುಸೊತ್ತಿಲ್ಲ. ಹಿಂದೆ ನಡೆದುಕೊಂಡು ಬರುವವರಿಗೆ ದಾರಿಯಲ್ಲಿ ನೀರು, ತಿಂಡಿ ಕೊಡುವ ಪ್ರತಿ ಏಡ್ ಸ್ಟೇಷನ್‌ನಲ್ಲೂ ಯಾರೋ ನಗುತ್ತ ಲೋಟ ಚಾಚುತ್ತಾರೆ. ಬೇಡ ಅನ್ನಲು ಮನಸ್ಸು ಬರುವುದಿಲ್ಲ. ಇಷ್ಟು ದುಡ್ಡು ಕೊಟ್ಟು ಬಂದಿದ್ದೇವೆ ಎಂಬುದೂ ಒಳಗೊಳಗೆ ಇರುತ್ತದೆ ಅನ್ನಿ.

ಒಳಗೆ ನಡೆಯುವುದು ಸರಳ ಲೆಕ್ಕ. 70 ಕಿಲೊ ತೂಕದ ಗಂಡಸಿನ ಮೈಯಲ್ಲಿ ಹೆಚ್ಚುಕಮ್ಮಿ 42 ಲೀಟರ್ ನೀರಿರುತ್ತದೆ. ರಕ್ತದ ಸೋಡಿಯಂ, ಅಂದರೆ ಉಪ್ಪಿನಂಶ, ಲೀಟರಿಗೆ ಸುಮಾರು 140 ಮಿಲಿಮೋಲ್. ಹೋದ ಬೆವರಿಗಿಂತ ಎರಡು ಲೀಟರ್ ಜಾಸ್ತಿ ನೀರು ಮೈಯಲ್ಲಿ ಉಳಿಯಿತು ಎಂದುಕೊಳ್ಳಿ. ಬೆವರಿನಲ್ಲಿ ಹೋದ ಉಪ್ಪನ್ನು ಪಕ್ಕಕ್ಕಿಟ್ಟರೂ ಸೋಡಿಯಂ 134ರ ಆಸುಪಾಸಿಗೆ ಇಳಿಯುತ್ತದೆ. 135ಕ್ಕಿಂತ ಕೆಳಗಿಳಿದರೆ ಹೈಪೊನಟ್ರೀಮಿಯಾ, ಅಂದರೆ ರಕ್ತದಲ್ಲಿ ಸೋಡಿಯಂ ಕೊರತೆ. ಹದವಾಗಿದ್ದ ಸಾರಿಗೆ ಎರಡು ಚೊಂಬು ನೀರು ಸುರಿದಂತೆ. ಉಪ್ಪು ಎಲ್ಲೂ ಹೋಗಿಲ್ಲ, ಸಾರು ಮಾತ್ರ ಸಪ್ಪೆ. ರಕ್ತ ತೆಳುವಾದಂತೆ ನೀರು ಜೀವಕೋಶಗಳೊಳಗೆ ನುಗ್ಗುತ್ತದೆ. ಕಾಲು, ಕೈ ಊದಿಕೊಂಡರೆ ತೊಂದರೆಯಿಲ್ಲ. ಮಿದುಳು ಊದಿಕೊಳ್ಳಲು ತಲೆಬುರುಡೆಯಲ್ಲಿ ಜಾಗವಿಲ್ಲ.

ಮಾಮೂಲಿ ದಿನವಾದರೆ ಹೆಚ್ಚಾದ ನೀರನ್ನು ಮೂತ್ರಪಿಂಡ ಹೊರಹಾಕಿಬಿಡುತ್ತದೆ. ಗಂಟೆಗಟ್ಟಲೆ ದಣಿದಾಗ, ವಾಕರಿಕೆ ಬಂದಾಗ, ನೋವಿದ್ದಾಗ ಮಿದುಳಿನಿಂದ ಎಡಿಎಚ್ ಎಂಬ ಹಾರ್ಮೋನು ಸ್ರವಿಸಿ ನೀರನ್ನು ಹಿಡಿದಿಡುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗಿದ್ದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ರೇಸ್ ದಿನ ಆ ಮಾತ್ರೆಗಳು ಬೇಡವೇ ಬೇಡ. ಈ ವಿಷಯದಲ್ಲಿ ನಾನು ಚೌಕಾಸಿಗೆ ನಿಲ್ಲುವುದಿಲ್ಲ.

ಇದು ಅಪರೂಪದ ಕಾಯಿಲೆಯಲ್ಲ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ನಡೆದ ಐರನ್‌ಮ್ಯಾನ್ ಯುರೋಪಿಯನ್ ಚಾಂಪಿಯನ್‌ಶಿಪ್‌ನ ಸಾವಿರಕ್ಕೂ ಹೆಚ್ಚು ಸ್ಪರ್ಧಿಗಳ ರಕ್ತ ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಹೆಚ್ಚುಕಮ್ಮಿ ಹತ್ತರಲ್ಲಿ ಒಬ್ಬರಿಗೆ ಸೋಡಿಯಂ 135ಕ್ಕಿಂತ ಕಡಿಮೆ ಇತ್ತು. ಬಹುತೇಕರದು ಸೌಮ್ಯವಾದದ್ದು, ಆದರೆ ಯಾರದು ಸೌಮ್ಯ, ಯಾರದು ತೀವ್ರ ಎಂದು ಬೆಳಿಗ್ಗೆಯೇ ಹೇಳಲು ಬರುವುದಿಲ್ಲ. ದೇಹ ಚಿಕ್ಕದಿದ್ದವರು, ಅದರಲ್ಲೂ ಹೆಂಗಸರು, ಇನ್ನಷ್ಟು ಎಚ್ಚರವಾಗಿರಬೇಕು.

ಯುರೋಪಿನಲ್ಲಿ ರೇಸ್ ಮುಗಿಸಿ ಬಂದ ಒಬ್ಬರು "ಕೊನೆಯಲ್ಲಿ ಡಿಹೈಡ್ರೇಷನ್ ಆಗಿ ಬಿದ್ದೆ" ಎನ್ನುತ್ತ ಫೋಟೊ ತೋರಿಸಿದರು. ಕುತ್ತಿಗೆಯಲ್ಲಿ ಪದಕ. ಅದನ್ನು ಹಿಡಿದ ಬೆರಳಲ್ಲಿ ಮದುವೆಯ ಉಂಗುರ ಮಾಂಸದೊಳಗೆ ಹೂತುಹೋಗಿತ್ತು. ವಾಚಿನ ಪಟ್ಟಿಯ ಎರಡೂ ಬದಿ ಚರ್ಮ ಉಬ್ಬಿ ನಿಂತಿತ್ತು. ನೀರಿಲ್ಲದೆ ಒಣಗಿದವರ ಕೈ ಹಾಗಿರುವುದಿಲ್ಲ. ಕೊನೆಯ 20 ಕಿ.ಮೀ.ನಲ್ಲಿ ಏನು ಕುಡಿದಿರಿ ಎಂದೆ. ತಲೆ ಸುತ್ತುತ್ತಿತ್ತು, ಹಾಗಾಗಿ ಸಿಕ್ಕಲ್ಲೆಲ್ಲ ಕುಡಿದೆ ಎಂದರು.

"ನಾನು ಬರೀ ನೀರು ಕುಡಿಯಲ್ಲ, ಎಲೆಕ್ಟ್ರೊಲೈಟ್ ಹಾಕ್ಕೊಳ್ತೀನಿ" ಎಂಬುದು ಮುಂದಿನ ವಾದ. ಸಾಮಾನ್ಯ ಸ್ಪೋರ್ಟ್ಸ್ ಡ್ರಿಂಕ್‌ನಲ್ಲಿ ಲೀಟರಿಗೆ 20-25 ಮಿಲಿಮೋಲ್ ಸೋಡಿಯಂ ಇದ್ದರೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲೇ 75. ರಕ್ತ 140. ಅಂದರೆ ಯಾವುದನ್ನು ಕುಡಿದರೂ ರಕ್ತಕ್ಕಿಂತ ತೆಳುವಾದದ್ದನ್ನೇ ಸುರಿದಂತಾಯಿತು. ಉಪ್ಪಿನ ಮಾತ್ರೆ ಜೇಬಿನಲ್ಲಿದೆ ಎಂಬ ಧೈರ್ಯಕ್ಕೆ ಎರಡು ಬಾಟಲಿ ಜಾಸ್ತಿ ಕುಡಿದರೆ ಕತೆ ಅದೇ.

ಹಾಗಾದರೆ ಎಷ್ಟು? ಮನೆಯಲ್ಲೇ ಅಳೆಯಿರಿ. ಬಟ್ಟೆ ಕಳಚಿ ತೂಕ ನೋಡಿ, ರೇಸ್ ವೇಗದಲ್ಲಿ ಒಂದು ಗಂಟೆ ಸೈಕಲ್ ತುಳಿಯಿರಿ, ಮೈ ಒರೆಸಿಕೊಂಡು ಮತ್ತೆ ತೂಗಿ. 70 ಇದ್ದದ್ದು 69.2 ಆಗಿ, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಬೆವರಿದ್ದು 1.3 ಲೀಟರ್. ಅಷ್ಟನ್ನೂ ವಾಪಸ್ ತುಂಬಿಸಬೇಕೆಂದಲ್ಲ. ಅದು ದಾಟಬಾರದ ಗೆರೆ. ಆ ಗೆರೆಯ ಕೆಳಗೆ ಬಾಯಾರಿಕೆ ಹೇಳಿದಂತೆ ಕೇಳಿ. ಮುಗಿಸುವಾಗ ಒಂದೆರಡು ಕಿಲೊ ಇಳಿದಿರುವುದು ಸಹಜ. ಬೆಳಿಗ್ಗೆಗಿಂತ ತೂಕ ಏರಿದ್ದರೆ ಅದು ಕುಡಿದ ನೀರಿನದ್ದೇ.

ಈ ಲೆಕ್ಕ ಬೆಂಗಳೂರಿನದು ಮಾತ್ರ. ಯುರೋಪು ಎಂದರೆ ಚಳಿ ಎಂದುಕೊಂಡು ಹೋದವರಿಗೆ ಅಲ್ಲಿ ಬಿಸಿಗಾಳಿ ಕಾದಿರಬಹುದು. 2019ರ ಜೂನ್ ಕೊನೆಯಲ್ಲಿ ಫ್ರಾಂಕ್‌ಫರ್ಟ್ ರೇಸಿನ ದಿನ ತಾಪಮಾನ 40 ಡಿಗ್ರಿಯ ಹತ್ತಿರ ಹೋಗಿತ್ತು. ಹೆಂಗಸರಲ್ಲಿ ಮುಂದಿದ್ದ ಅಮೆರಿಕದ ಸಾರಾ ಟ್ರೂ ಗುರಿಗೆ ಒಂದು ಕಿಲೊಮೀಟರ್ ಕೂಡ ಇಲ್ಲದಾಗ ಕುಸಿದರು, ಮುಗಿಸಲಾಗಲಿಲ್ಲ. ಅಷ್ಟು ನುರಿತವರ ಪಾಡೇ ಇದು. ಜೂನ್‌ನಲ್ಲಿ ಇಲ್ಲಿ ಮೋಡ, ಜಿಟಿಜಿಟಿ ಮಳೆ. ಹಾಗಾಗಿ ಹೊರಡುವ ಮುಂಚಿನ ಎರಡು ವಾರ ಸೈಕಲ್ಲನ್ನು ಟ್ರೈನರ್‌ಗೆ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಹಾಕಿ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ತುಳಿಯಲು ಹೇಳುತ್ತೇನೆ. ಶಾಖಕ್ಕೆ ಒಗ್ಗಿದ ಮೈ ಬೇಗ ಬೆವರುತ್ತದೆ, ಹೆಚ್ಚು ಬೆವರುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ಆಮೇಲೆ ಇನ್ನೊಮ್ಮೆ ತೂಗಿ ಹೊಸ ಲೆಕ್ಕ ಬರೆದುಕೊಳ್ಳಿ.

ಇನ್ನು ಈಜುವ ನೀರು. ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಕಲಿತವರಿಗೆ 17 ಡಿಗ್ರಿಯ ನೀರು ಎದೆಗೆ ತಾಗಿದೊಡನೆ ಉಸಿರು ತನ್ನಷ್ಟಕ್ಕೆ ಎಳೆದುಕೊಳ್ಳುತ್ತದೆ. ಆ ಏದುಸಿರು ಎರಡು ಮೂರು ನಿಮಿಷದಲ್ಲಿ ಇಳಿಯುತ್ತದೆ, ಅಲ್ಲಿಯವರೆಗೆ ಗಾಬರಿಯಾಗದೆ ತೇಲುವುದೇ ವಿದ್ಯೆ. ನೀರು 24.5 ಡಿಗ್ರಿ ಮೀರದಿದ್ದರೆ ವೆಟ್‌ಸೂಟ್‌ಗೆ (ಮೈ ಬೆಚ್ಚಗಿಡುವ ರಬ್ಬರ್ ಈಜುಡುಗೆ) ಅನುಮತಿ ಇದೆ, 16ಕ್ಕಿಂತ ಕಡಿಮೆಯಿದ್ದರೆ ಕಡ್ಡಾಯ. ಅಲ್ಲಿಗೆ ಹೋಗಿ ಬಾಡಿಗೆಗೆ ತಂದು ರೇಸ್ ದಿನವೇ ಮೊದಲ ಸಲ ತೊಡುವವರೂ ಇದ್ದಾರೆ! ಎದೆ ಬಿಗಿಯುವ ಸೂಟ್, ತಣ್ಣನೆ ನೀರು, ಬೆಳಿಗ್ಗೆ ಒತ್ತಾಯದಿಂದ ಕುಡಿದ ಒಂದೂವರೆ ಲೀಟರ್ ಸೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಕೆಮ್ಮು, ಗೊರಗೊರ ಸದ್ದು, ಗುಲಾಬಿ ನೊರೆ ಕಂಡರೆ ಅಲ್ಲಿಗೇ ನಿಲ್ಲಿಸಿ ಕಾವಲಿನ ಕಯಾಕ್ (ಪುಟ್ಟ ದೋಣಿ) ಹಿಡಿಯಿರಿ. ಮುಂದಕ್ಕೆ ಸಾಗದೆ ಸುಮ್ಮನೆ ಹಿಡಿದುಕೊಂಡಿದ್ದರೆ ಅನರ್ಹರಾಗುವುದಿಲ್ಲ. ಟ್ರಯಾಥ್ಲಾನ್‌ನಲ್ಲಿ ಸಾವು ಹೆಚ್ಚಾಗಿ ಆಗುವುದು ಈಜಿನಲ್ಲೇ. ನಾಲ್ಕೈದು ದಿನ ಮುಂಚೆ ಹೋಗಿ ದಿನಾ ಹತ್ತು ನಿಮಿಷ ನೀರಿಗಿಳಿದು ಬನ್ನಿ. ಊರು ನೋಡುವುದನ್ನು ರೇಸ್ ಆದ ಮೇಲಿಟ್ಟುಕೊಳ್ಳಿ.

ಕೊನೆಗೆ, ಜೊತೆಗೆ ಹೋಗುವ ಮನೆಯವರಿಗೆ. ಫ್ರಾಂಕ್‌ಫರ್ಟ್‌ನಲ್ಲಿ ಓಟ ಮೈನ್ ನದಿಯ ಇಕ್ಕೆಲಗಳಲ್ಲಿ ನಾಲ್ಕು ಸುತ್ತು, ಹಾಗಾಗಿ ನಿಮ್ಮವರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಾರೆ. ನೀವು ಬಾಟಲಿ ಕೊಟ್ಟರೆ ಹೊರಗಿನ ನೆರವು ಎಂದು ಶಿಕ್ಷೆ ಬೀಳುತ್ತದೆ, ಆದ್ದರಿಂದ ಕೊಡಬೇಡಿ. ಮಾತಾಡಿಸಿ. ಎರಡನೇ ಸುತ್ತಿನಲ್ಲಿ ಮಗಳ ಹೆಸರು ಹಿಡಿದು ಕೂಗಿದವರು ಮೂರನೆಯದರಲ್ಲಿ ನಿಮ್ಮನ್ನೇ ಗುರುತಿಸದಿದ್ದರೆ, ತಲೆನೋವು ಎಂದು ವಾಂತಿ ಮಾಡಿಕೊಂಡರೆ, ಸ್ವಯಂಸೇವಕರನ್ನು ಕರೆದು ವೈದ್ಯಕೀಯ ಟೆಂಟಿಗೆ ಕರೆದೊಯ್ಯಿರಿ. ಬೆಳಿಗ್ಗೆಯ ತೂಕ, ನುಂಗಿದ ಮಾತ್ರೆ, ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ, ಇಷ್ಟನ್ನು ಹೇಳಿ. ನಮ್ಮೂರಿನ ರೂಢಿಯಂತೆ "ಒಂದು ಡ್ರಿಪ್ ಏರಿಸಿಬಿಡಿ" ಎಂದು ಒತ್ತಾಯಿಸಬೇಡಿ, ಸೋಡಿಯಂ ಇಳಿದಿದ್ದಾಗ ಮಾಮೂಲಿ ಡ್ರಿಪ್ ಇನ್ನಷ್ಟು ಕೆಡಿಸಬಲ್ಲದು. ಟೆಂಟಿನ ವೈದ್ಯರು ಮೊದಲು ರಕ್ತ ನೋಡಿ, ಬೇಕಿದ್ದರೆ 3 ಪರ್ಸೆಂಟ್ ಉಪ್ಪಿನ ದ್ರಾವಣವನ್ನು 100 ಮಿ.ಲೀ. ಕೊಡುತ್ತಾರೆ. ಇಷ್ಟು ಸಣ್ಣ ಬಾಟಲಿ ಸಾಕೇ ಎಂದು ಜಗಳಕ್ಕೆ ನಿಲ್ಲಬೇಡಿ. ಬೇಕೆನಿಸಿದರೆ ಇನ್ನೊಂದನ್ನು ಅವರೇ ಹಾಕುತ್ತಾರೆ.