ಗ್ಲೂಕೋಸ್ ಬಾಟಲಿ ಮತ್ತು ಕಿಟಕಿಯಿಂದ ಎಸೆದ ಟವೆಲ್

ಅಡಿಕೆ ಕೊಯ್ಲು ಮುಗಿಯಿತು ಅಂದ್ರೆ ನಮ್ಮ ಮಾವ ಒಂದು ಬಾಟಲಿ ಗ್ಲೂಕೋಸ್ ಹಾಕಿಸಿಕೊಳ್ಳಲೇಬೇಕು. ‘ಮೈಯಲ್ಲಿ ಶಕ್ತಿನೇ ಇಲ್ಲ ಕಣೋ, ಒಂದು ಬಾಟ್ಲಿ ಏರಿಸಿದ್ರೆ ಎಲ್ಲ ಸರಿಹೋಗುತ್ತೆ’ ಅನ್ನುತ್ತಾರೆ. ಕಳೆದ ಸಲ ನಾನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿದ್ದೆ. ಸುಮ್ನೆ ಕೂತಿದ್ದವನು ಬಾಟಲಿಯ ಚೀಟಿ ಓದಿದೆ. 500 ಎಂ.ಎಲ್., ಶೇ. 5 ಡೆಕ್ಸ್‌ಟ್ರೋಸ್ (ಗ್ಲೂಕೋಸಿಗೇ ಇನ್ನೊಂದು ಹೆಸರು). ಅಂದ್ರೆ 25 ಗ್ರಾಂ ಸಕ್ಕರೆ. 100 ಕ್ಯಾಲೊರಿಯೂ ಆಗಲ್ಲ. ಎರಡು ಇಡ್ಲಿ ತಿಂದರೆ ಸಿಗುವಷ್ಟು, ಅದೂ ಚಟ್ನಿ ಬಿಟ್ಟು.

ವಾಂತಿ ಭೇದಿಯಾಗಿ ನೀರು ಕಳೆದುಕೊಂಡವರಿಗೆ ಡ್ರಿಪ್ ಬೇಕು, ಅದು ಬೇರೆ ಮಾತು. ಮಾವನಿಗೆ ಏನೂ ಕೊರತೆಯಿರಲಿಲ್ಲ. ಒಂದು ಕಿಲೋ ಕೊಬ್ಬಿನಲ್ಲಿ 7,000ಕ್ಕೂ ಜಾಸ್ತಿ ಕ್ಯಾಲೊರಿ ಇರುತ್ತೆ. ಅವರ ಹೊಟ್ಟೆ ನೋಡಿದರೆ ಮುಂದಿನ ಕೊಯ್ಲಿನ ತನಕ ಸ್ಟಾಕ್ ಇದೆ.

ಹಾಗಾದರೆ ಸುಸ್ತು ಎಲ್ಲಿಂದ ಬಂತು? ಅಕ್ಕಿ ಡಬ್ಬದ ತಳ ಕಾಣುವ ಎಷ್ಟೋ ದಿನ ಮೊದಲೇ ಅಮ್ಮ ‘ಅಕ್ಕಿ ಮುಗೀತು’ ಅನ್ನುತ್ತಾಳಲ್ವಾ, ಮಿದುಳೂ ಅಷ್ಟೇ. 2004ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಸಂಶೋಧಕರು ಒಂದು ಮಜಾ ಪ್ರಯೋಗ ಮಾಡಿದರು. ಸುಮಾರು ಒಂದು ಗಂಟೆ ಜೋರಾಗಿ ಸೈಕಲ್ ತುಳಿಯುವವರಿಗೆ ಪಿಷ್ಟದಿಂದ ತಯಾರಿಸಿದ ಪುಡಿ ಕರಗಿಸಿದ ನೀರು ಕೊಟ್ಟು, ಬಾಯಿ ಮುಕ್ಕಳಿಸಿ ಉಗಿಯಲು ಹೇಳಿದರು. ಒಂದು ಗುಟುಕೂ ನುಂಗಲಿಲ್ಲ. ಆದರೂ ಬರೀ ನೀರು ಮುಕ್ಕಳಿಸಿದಾಗಿನದಕ್ಕಿಂತ ಸುಮಾರು ಶೇ. 3ರಷ್ಟು ಬೇಗ ಮುಗಿಸಿದರು! ಊಟ ಬರ್ತಿದೆ ಅಂತ ನಾಲಿಗೆ ಸುದ್ದಿ ಕೊಟ್ಟಿತು, ಮಿದುಳು ಬಿಗಿಹಿಡಿದಿದ್ದ ಹಗ್ಗ ಸ್ವಲ್ಪ ಸಡಿಲ ಬಿಟ್ಟಿತು.

ಇನ್ನು ಮಧ್ಯಾಹ್ನದ ತೂಕಡಿಕೆ. ಅದರ ಹಿಂದೆ ಅಡೆನೋಸಿನ್ ಅನ್ನೋ ಸಣ್ಣ ಅಣು ಇದೆ. ಜೀವಕೋಶಗಳು ಎಟಿಪಿ ಅನ್ನೋ ಶಕ್ತಿಯ ನೋಟನ್ನು ಖರ್ಚು ಮಾಡಿದಂತೆಲ್ಲ ಉಳಿಯುವ ಚಿಲ್ಲರೆ ಇದು. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಸೇರುತ್ತಾ ಹೋಗುತ್ತೆ. ನರಕೋಶಗಳ ಮೇಲೆ ಇದಕ್ಕೆಂದೇ ಸೀಟುಗಳಿವೆ, ಬಂದು ಕೂತಿತೋ ಕಣ್ಣು ಎಳೆಯುತ್ತೆ. ಈಗ ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ನೆನಪಿಸಿಕೊಳ್ಳಿ. ಬಸ್ಸು ನಿಲ್ಲುವ ಮೊದಲೇ ಯಾರೋ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದುಬಿಡುತ್ತಾರೆ. ಕಾಫಿಯ ಕೆಫೀನ್ ಆ ಟವೆಲ್. ತಾನು ಪ್ರಯಾಣಿಕನಲ್ಲ, ಆದರೆ ಕೂರೋಕೂ ಬಿಡಲ್ಲ. ಬೀಗಕ್ಕೆ ಹೊಕ್ಕೂ ತಿರುಗದ ಬೀಗದಕೈ ಅಂತಲೂ ಅನ್ನಬಹುದು, ಆದರೆ ನನಗೆ ಟವೆಲ್ಲೇ ಇಷ್ಟ. ಯಾಕಂದ್ರೆ ಅಡೆನೋಸಿನ್ ಎಲ್ಲೂ ಹೋಗಿರಲ್ಲ. ಬಸ್ಸಿನೊಳಗೆ ನಿಂತೇ ಇರುತ್ತೆ, ಸ್ಟಾಪ್ ಸ್ಟಾಪಿನಲ್ಲೂ ಇನ್ನಷ್ಟು ಹತ್ತುತ್ತೆ. ಕಾಫಿ ಕುಡಿದು ಐದಾರು ಗಂಟೆ ಕಳೆದ ಮೇಲೆ ಕೆಫೀನ್ ಅರ್ಧಕ್ಕಿಳಿದು ಟವೆಲ್ಲುಗಳು ಜಾರತೊಡಗಿದಾಗ ಎಲ್ಲರೂ ಧೊಪ್ಪಂತ ಕೂರುತ್ತಾರೆ. ಕಾಫಿ ಶಕ್ತಿ ಕೊಡಲ್ಲ ಸ್ವಾಮಿ, ಸುಸ್ತಿಗೆ ಸೀಟು ಕೊಡಲ್ಲ, ಅಷ್ಟೇ.

ಈ ಕೆಫೀನ್ ಸಿಕ್ಕಿದ್ದರಲ್ಲಿ ಬೆಕ್ಕಿನ ಪಾಲೂ ಇದೆ. 1819ರಲ್ಲಿ ರುಂಗೆ ಎಂಬ ಜರ್ಮನ್ ಹುಡುಗ ಒಂದು ಬೆಕ್ಕನ್ನು ಹಿಡಿದುಕೊಂಡು ಕವಿ ಗಯಟೆಯ ಬಳಿ ಹೋದ. ಬೆಲ್ಲಡೋನ ಗಿಡದ ರಸ ಬಿಟ್ಟಿದ್ದರಿಂದ ಬೆಕ್ಕಿನ ಕಣ್ಣಿನ ಪಾಪೆ ದೊಡ್ಡದಾಗಿತ್ತು. ಮೆಚ್ಚಿದ ಕವಿ ಕಾಫಿ ಬೀಜಗಳನ್ನು ಕೈಗಿಟ್ಟು, ಇದರೊಳಗೇನಿದೆ ನೋಡು ಅಂದ. ರುಂಗೆ ಸ್ವಲ್ಪ ಸಮಯದಲ್ಲೇ ಕೆಫೀನನ್ನು ಬೇರ್ಪಡಿಸಿದ.

ಸೀಟು ನಿಜವಾಗಿ ಖಾಲಿಯಾಗೋದು ನಿದ್ದೆಯಲ್ಲಿ. ಮಧ್ಯಾಹ್ನ ತಲೆ ಓಡದಿದ್ದರೆ ಒಂದು ಲೋಟ ಕಾಫಿ ಕುಡಿದು ತಕ್ಷಣ 20 ನಿಮಿಷ ಮಲಗಿ. ಏಳುವ ಹೊತ್ತಿಗೆ ಕೆಲವರು ಇಳಿದಿರುತ್ತಾರೆ, ಟವೆಲ್ಲೂ ಬಂದು ಬಿದ್ದಿರುತ್ತೆ. ವಾರಗಟ್ಟಲೆ ಸುಸ್ತು ಬಿಡದಿದ್ದರೆ ಮಾತ್ರ ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಕಾಫಿಯೂ ಆಗಲ್ಲ, ದೃಷ್ಟಿ ತೆಗೆದರೂ ಆಗಲ್ಲ.

ಇಷ್ಟೆಲ್ಲ ಮಾವನಿಗೆ ಹೇಳೋಣ ಅಂತ ತಿರುಗಿದೆ. ಫ್ಯಾನಿನ ಕೆಳಗೆ ಗೊರಕೆ. ಬಾಟಲಿ ಖಾಲಿಯಾಗಲು ಗಂಟೆಯ ಮೇಲಾಯಿತು, ಅಷ್ಟೂ ಹೊತ್ತು ನಿದ್ದೆ. ಎದ್ದವರೇ ಲುಂಗಿ ಕೊಡವಿ, ‘ನೋಡಿದ್ಯಾ ಗ್ಲೂಕೋಸ್ ಪವರ್ರು!’ ಅಂದರು.