ಎದೆ ಡವಗುಟ್ಟಿದರೆ ಬರೀ ಟೆನ್ಷನ್ನಾ?

ಪ್ರಶ್ನೆ: ಮುಟ್ಟು ನಿಂತ ಮೇಲೆ ಆಗಾಗ ಎದೆ ಡವಡವ ಹೊಡೆದುಕೊಳ್ಳುತ್ತದೆ, ಜೊತೆಗೆ ಸುಸ್ತು. ಎಲ್ಲರೂ ಟೆನ್ಷನ್ ಅಂತಾರೆ. ಹೃದಯದ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ (ಎಎಫ್) ಇರಬಹುದಾ? ಅದು ಗಂಡಸರ ಕಾಯಿಲೆ ಅಲ್ವಾ?

ಉತ್ತರ: ಇರಬಹುದು. ಗಂಡಸರ ಕಾಯಿಲೆಯಂತೂ ಅಲ್ಲ. ಒಂದೇ ವಯಸ್ಸಿನವರನ್ನು ಹೋಲಿಸಿದರೆ ಗಂಡಸರಲ್ಲಿ ಜಾಸ್ತಿ, ನಿಜ. ಆದರೆ ಇದು ವಯಸ್ಸಾದಷ್ಟೂ ಹೆಚ್ಚುವ ತೊಂದರೆ, ಹೆಚ್ಚು ಕಾಲ ಬದುಕುವವರು ಹೆಂಗಸರು. ಹಾಗಾಗಿ ಇದಿರುವ ಹೆಂಗಸರೂ ಕಮ್ಮಿಯಿಲ್ಲ.

ಇನ್ನು ಆ ಟೆನ್ಷನ್ ವಿಷಯ. ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಗಂಡಸು ಎದೆ ಹಿಡಿದುಕೊಂಡರೆ ಇಸಿಜಿ, ಹೆಂಗಸು ಹಿಡಿದುಕೊಂಡರೆ "ಸ್ವಲ್ಪ ರೆಸ್ಟ್ ತಗೊಳ್ಳಿ". ಗಾಬರಿಗೆ ಹೃದಯ ಓಡುತ್ತದೆ, ಒಪ್ಪಿದೆ. ಆದರೆ ಸಾಮಾನ್ಯವಾಗಿ ತಾಳ ತಪ್ಪದೆ ಓಡುತ್ತದೆ. ಎಎಫ್‌ನಲ್ಲಿ ಹೃದಯದ ಮೇಲಿನ ಕೋಣೆಗಳು ನಿಮಿಷಕ್ಕೆ 300ಕ್ಕೂ ಹೆಚ್ಚು ಸಲ ಸುಮ್ನೆ ಅದುರುತ್ತವೆ, ಸರಿಯಾಗಿ ಹಿಂಡುವುದಿಲ್ಲ. ನಾಡಿ ಹಿಡಿದು ನೋಡಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಡಿ, ಪೂರ್ತಿ ಒಂದು ನಿಮಿಷ. ಎರಡು ಬಡಿತ ಬೇಗ, ಒಂದು ತಡ, ಒಂದು ಜೋರು, ಮುಂದಿನದು ಬೆರಳಿಗೇ ಸಿಗಲ್ಲ. ಹೀಗಿದ್ದರೆ ಅದನ್ನು ಟೆನ್ಷನ್ ತಲೆಗೆ ಕಟ್ಟಬೇಡಿ, ಮುಟ್ಟು ನಿಂತಿದ್ದರ ತಲೆಗೂ ಬೇಡ. ಎಎಫ್ ಹೌದೋ ಅಲ್ಲವೋ ಇಸಿಜಿ ಹೇಳಲಿ.

"ಇಸಿಜಿ ನಾರ್ಮಲ್ ಬಂದಿತ್ತಲ್ಲ?" ಅಂತ ಮುಂದಿನ ಕಾಗದ ಬರುತ್ತದೆ, ಗೊತ್ತು. ಇಸಿಜಿ ನೋಡುವುದು ಸುಮಾರು 10 ಸೆಕೆಂಡು. ಎಎಫ್ ಎಷ್ಟೋ ಜನರಲ್ಲಿ ಬಂದು ಹೋಗುವ ನೆಂಟ. ಆ ಹೊತ್ತಿಗೆ ಬರದಿದ್ದರೆ ಸಿಕ್ಕಿಬೀಳುವುದು ಹೇಗೆ? 24 ಗಂಟೆಯೋ ಇನ್ನೂ ಹೆಚ್ಚು ಹೊತ್ತೋ ಮೈಗೆ ಕಟ್ಟಿಕೊಳ್ಳುವ, ಹೃದಯದ ಬಡಿತ ದಾಖಲಿಸುತ್ತಲೇ ಇರುವ ಹೋಲ್ಟರ್ ಯಂತ್ರದ ಬಗ್ಗೆ ಡಾಕ್ಟರನ್ನು ಕೇಳಿ. ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋದರೆ ಸ್ಟ್ರೋಕ್. ಎಎಫ್ ಇರುವವರಿಗೆ ಆ ಅಪಾಯ ಸುಮಾರು 5 ಪಟ್ಟು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಸ್ಟ್ರೋಕ್ ಅಪಾಯ ಅಳೆಯುವ ಅಂಕಪಟ್ಟಿಯಲ್ಲಿ ಹೆಣ್ಣು ಅನ್ನುವುದಕ್ಕೇ 1 ಅಂಕ ಇತ್ತು. 2024ರಲ್ಲಿ ಯುರೋಪಿನ ಹೃದ್ರೋಗ ತಜ್ಞರ ಸಂಘ ಅದನ್ನು ಕೈಬಿಟ್ಟಿತು. ಅಪಾಯ ಮಾಯವಾಯಿತು ಅಂತಲ್ಲ. ವಯಸ್ಸು, ಬಿಪಿ, ಶುಗರ್ ಜೊತೆ ಸೇರಿದಾಗಲೇ ಹೆಣ್ಣು ಅನ್ನುವುದೂ ಲೆಕ್ಕಕ್ಕೆ ಬರುವುದು. ವಯಸ್ಸು 65 ತುಂಬಿದರೆ 1 ಅಂಕ, 75 ತುಂಬಿದರೆ 2. ಒಟ್ಟು ಅಂಕ ಏರಿದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ.

ಅದರ ಬದಲು ಆಸ್ಪಿರಿನ್ ಸಾಕಾ? ಸಾಲದು.